ಬದನಿಕೆಯ ಹೂವು

ಹನುಮಣ್ಣ ಕೊಡಲಿ ಬೀಸಿಯೇಬಿಟ್ಟಿದ್ದ. ಮಾವಿನ ಬೊಡ್ಡೆಯಿಂದ ಅಂಗೈಯಗಲದ ಚಕ್ಕೆ ಹಾರಿ, ಅಂಗಳದಲ್ಲಿ ಕೂಡಿಸಿದ್ದ ಅಣ್ಣನ ಹೆಣದ ಮುಂದೆ ಬಿತ್ತು.

“ಮನಿ ಯಜಮಾನನ್ನ ತಿಂದ ಗಿಡ ಇದು. ಇದನ್ನ ಕೆಡವಿದ ಮ್ಯಾಲನ ಅಣ್ಣನ್ನ ಮಣ್ಣಿಗೆ ಒಯ್ಯೂದು!” ಅತ್ತೂ ಅತ್ತೂ ಅವನ ದನಿ ಬಿದ್ದುಹೋಗಿತ್ತು.

ಮಣ್ಣಿಗೆ ಬಂದ ಅಳವಂಡಿಯ ಜನ ಹೌದೆಂದು ತಲೆಯಾಡಿಸಿದರು. ಹಿಂದಿನ ಸಂಜೆ ಪಕೀರಪ್ಪ ಬಿದ್ದು ಸತ್ತದ್ದು ಇದೇ ಗಿಡದಿಂದ. ಊರವರ ತೋಟಗಳಲ್ಲಿ ಗಿಡ ನೋಡಿಕೊಂಡೇ ಬಾಳಿದವನು. ಎಲೆ ತಿರುವಿ ನೋಡಿ ಹುಳ ಯಾವುದೆಂದು ಹೇಳುತ್ತಿದ್ದ. ತಂಬಾಕಿನ ನೀರು ಹೊಡೆದ ಗಿಡದ ಹಣ್ಣನ್ನು ಗೌಡರೇ ಬಂದರೂ ಮುಟ್ಟಗೊಡುತ್ತಿರಲಿಲ್ಲ.

ಪಕ್ಕದ ಮನೆಯ ಹಸನಬೀ ಹುಲಗೆಮ್ಮನ ಬೆನ್ನು ಸವರಿದಳು. “ಒಂದು ಮಾತು ಹೇಳವ್ವಾ. ನಿನ್ನ ಗಂಡ ಹಚ್ಚಿದ ಗಿಡ. ಕಡೀಬೇಕೋ, ಬಿಡಬೇಕೋ?”

ಹುಲಗೆಮ್ಮ ತಲೆಯೆತ್ತಿ ಗಿಡದ ಮೇಲುಕೊಂಬೆ ನೋಡಿದಳು. ಗಂಡ ಗಿಡ ಹತ್ತಿದ್ದು ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

*

ಆರು ವರ್ಷದ ಕೆಳಗೆ, ಮೂವತ್ತೆಂಟನೇ ಇಸವಿಯಲ್ಲಿ, ಮಾವಿನ ಮೇಲುಕೊಂಬೆಯಲ್ಲಿ ಬೇರೆಯೇ ಜಾತಿಯ ದಪ್ಪ ಎಲೆ ಕಂಡವು. ಪಕೀರಪ್ಪ ಕುಡುಗೋಲು ತಂದ.

“ಬದನಿಕಿ ಇದು. ಮಂದಿ ಕೊಂಬಿಗೆ ಬಾಯಿ ಹಚ್ಚಿ ರಸಾ ಕುಡಿತೈತಿ. ಈಗ ಕೊಯ್ದ್ರ ಮುಗೀತು.”

ಅಷ್ಟರಲ್ಲಿ ಅವಳು ಅದರ ಕೆಂಪು ಹೂ ಕಂಡಿದ್ದಳು. “ಎಷ್ಟು ಚಂದ ಅದಾವ ನೋಡ್ರಿ! ಇರ್ಲಿ ಬಿಡ್ರಿ, ನನ್ನ ಸಲುವಾಗಿ.”

ಊರ ಗಿಡಗಳ ಮೇಲೆ ದರ್ಬಾರು ಮಾಡುತ್ತಿದ್ದವನು ಹೆಂಡತಿಯ ಮುಂದೆ ಮೆತ್ತಗಾದ. ನಗುತ್ತ ಕುಡುಗೋಲನ್ನು ಸೂರಿಗೆ ಸಿಗಿಸಿದ. ವರ್ಷ ವರ್ಷ ಹೂ ತಂದು ಅವಳ ಕೈಗೇ ಕೊಡುತ್ತಿದ್ದ. ಬದನಿಕೆ ದೊಡ್ಡ ಬುಟ್ಟಿಯಷ್ಟಾಯಿತು, ಮಾವು ಕಾಯಿ ಬಿಡುವುದನ್ನೇ ನಿಲ್ಲಿಸಿತು. ಕೊನೆಗೆ ನಿನ್ನೆ ಅವಳೇ, “ಸಾಕ್ರಿ, ತಗದುಬಿಡ್ರಿ” ಅಂದಿದ್ದಳು.

*

“ತಡಿ ಹನುಮಣ್ಣ, ಗಿಡದ್ದು ತಪ್ಪಿಲ್ಲ.” ಹುಲಗೆಮ್ಮ ಎದ್ದು ಬೊಡ್ಡೆಗೆ ಅಡ್ಡ ನಿಂತಳು. “ನಿನ್ನೆ ಅವರು ಹತ್ತಿದ್ದು ಬದನಿಕಿ ತಗಿಯಾಕ. ಅದು ಸಣ್ಣದಿದ್ದಾಗನ ಕೊಯ್ತಿದ್ರು. ಹೂವಿನ ಆಸೇಕ ನಾನ ಬ್ಯಾಡ ಅಂದೆ. ಬೈಯೂದಿದ್ರ ನನ್ನ ಬೈರಿ.”

ಹನುಮಣ್ಣ ಕೊಡಲಿ ಇಳಿಸಿದ. ಹಸನಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗೇನು ಮಾಡ್ಲಿ, ಅತ್ತಿಗಿ?” ಹನುಮಣ್ಣ ಕೇಳಿದ.

“ಸೊಂಟಕ್ಕ ಹಗ್ಗ ಬಿಗಕೊಂಡು ಹತ್ತು. ಅವರು ಬಿಟ್ಟ ಕೆಲಸ ಮುಗಸು.”

ಹನುಮಣ್ಣ ಹತ್ತಿದ. ಹೆಣ ಹೊರಬೇಕಾದ ನಾಲ್ವರು ಮೇಲೆ ನೋಡುತ್ತ ಕಾದರು. ಅವನು ಬದನಿಕೆಯ ಬುಡಕ್ಕೇ ಕೊಡಲಿ ಇಟ್ಟಾಗ ಹುಲಗೆಮ್ಮ ಕೆಳಗಿನಿಂದ ಕೂಗಿದಳು:

“ಅಲ್ಲಲ್ಲ! ಅದರ ಬೇರು ಒಳಗ ಇಳದಿರತೈತಿ. ಇನ್ನೂ ಇಷ್ಟು ಕೆಳಗ ಕಡಿ!”

ಗೇಣಳತೆ ತೋರಿಸಲು ಬೆರಳಗಲಿಸಿ ಎತ್ತಿದ ಆ ಕೈಯಲ್ಲಿ ಹಸಿರು ಬಳೆಗಳು ಇನ್ನೂ ಇದ್ದವು.