ಒಚ್ಯಾಮೆಯ ಬೆನ್ನ ಹಿಂದೆ

ನಿಮಾಕೊ ಮಾವ ತೀರಿಕೊಂಡು ಹತ್ತೊಂಬತ್ತು ದಿನ. ದೇಹ ಇನ್ನೂ ಕುಮಾಸಿ ಪಟ್ಟಣದ ಶವಾಗಾರದಲ್ಲೇ ಇತ್ತು. ಅಂತ್ಯಕ್ರಿಯೆಯ ಕಪ್ಪು ಬಟ್ಟೆ ಹೊಲಿದಾಗಿರಲಿಲ್ಲ. ಅಷ್ಟರಲ್ಲಿ ಅಫ್ರಿಯೆಯ ಕಂಪ್ಯೂಟರ್ ಪರದೆಯ ಮೇಲೆ ಅವರು ‘ಹೂಂ’ ಅಂದಿದ್ದರು.

ಏಳನೇ ನಿವೇಶನಕ್ಕೆ. ಆರು ಆಗಲೇ ಮಾರಾಟವಾಗಿದ್ದವು. ಈ ಏಳನೆಯದು ಕುಲದ ಗೋರಿಗಳಿರುವ ತೋಪು. ಹಿರಿಯರಾದ ಮಾವ ಒಪ್ಪದೆ ಕುಲದ ಜಮೀನು ಮಾರುವಂತಿಲ್ಲ. ಒಪ್ಪಿಗೆ ಕೇಳಿ ತಾನಾಗಿಯೇ ಮಾರಾಟ ದಾಖಲಿಸುವ ಪ್ರೋಗ್ರಾಂ, ಸ್ಮಾರ್ಟ್ ಕಾಂಟ್ರ್ಯಾಕ್ಟ್, ಬರೆದವಳು ಅವರ ತಂಗಿಯ ಮಗಳು ಅಫ್ರಿಯೆಯೇ.

“ಚಿಕ್ಕಮ್ಮಾ, ಮಾವನ ಫೋನ್ ಎಲ್ಲಿದೆ?” ಪಕ್ಕದಲ್ಲಿ ಕೂತಿದ್ದ ಮಾವನ ಕಿರಿಯ ತಂಗಿಯನ್ನು ಕೇಳಿದಳು.

“ನನ್ನ ಚೀಲದಲ್ಲಿ. ಅವರು ಹೋದ ದಿನದಿಂದ ಆಫ್. ಯಾಕೆ, ನಿಂಗೇನಾದ್ರೂ ಕಾಲ್ ಮಾಡಿದ್ರಾ?”

“ಹೂಂ ಅಂದಿದ್ದಾರೆ.”

“ಬದುಕಿದ್ದಾಗ ಒಂದು ಲೋಟ ನೀರಿಗೂ ಹೂಂ ಅನ್ನದ ಮನುಷ್ಯ!” ಅಂದ ಚಿಕ್ಕಮ್ಮನ ನಗು ಅರ್ಧಕ್ಕೇ ನಿಂತಿತು.

ಅಫ್ರಿಯೆಯ ಕಾಂಟ್ರ್ಯಾಕ್ಟ್ ಮಾವನನ್ನು ನೇರ ಕೇಳುತ್ತಿರಲಿಲ್ಲ. ನಡುವೆ ಮಾತು ದಾಟಿಸುವ ಒಂದು ಇಂಟರ್ಫೇಸ್ ಇತ್ತು. ಪ್ರಶ್ನೆಯ ಹೆಸರು, ಉತ್ತರದ ಬಗೆ, ಅಷ್ಟೇ, ಒಡಲಿಲ್ಲ; ಉತ್ತರ ಬರುವುದು ಅದರ ಹಿಂದೆ ಕೊಟ್ಟ ವಿಳಾಸದಿಂದ. ಅದಕ್ಕವಳು ‘ಒಚ್ಯಾಮೆ’ ಎಂದು ಹೆಸರಿಟ್ಟಿದ್ದಳು, ಅರಸನ ಮಾತನ್ನು ಮಂದಿಗೆ ದಾಟಿಸುವವನು. ಒಚ್ಯಾಮೆಯ ಬೆನ್ನ ಹಿಂದೆ ಇಣುಕಿ ಅರಸ ನಿಜಕ್ಕೂ ಹಾಗಂದನಾ ಎಂದು ಯಾರೂ ಕೇಳುವುದಿಲ್ಲ. ಅವಳೂ ಕೇಳಿರಲಿಲ್ಲ.

ಈಗ ಹಿಂದಿನ ವಿಳಾಸ ತೆರೆದಳು. ಅಲ್ಲಿ ಮಾವ ಇರಲಿಲ್ಲ. ಒಂದೇ ಸಾಲಿತ್ತು: ಯಾರು ಏನೇ ಕೇಳಲಿ, ಹೂಂ. ಹೋದ ವರ್ಷ, ತನ್ನ ಮಗುವಿಗೆ ಜ್ವರ ಬಂದ ವಾರ, ಕಾಂಟ್ರ್ಯಾಕ್ಟಿನ ಪರೀಕ್ಷೆಗೆಂದು ತಾನೇ ಬರೆದ ನಕಲಿ. ಗಡಿಬಿಡಿಯಲ್ಲಿ ಅಸಲಿಯ ಬದಲು ಅದರ ವಿಳಾಸ ಅಂಟಿಸಿದ್ದಳು. ಹೆಸರು ಹೊಂದಿತ್ತು, ಉತ್ತರದ ಬಗೆ ಹೊಂದಿತ್ತು; ಯಂತ್ರ ತಕರಾರು ಮಾಡಿರಲಿಲ್ಲ.

ಮಾವ ಫೋನಿನಲ್ಲಿ ಒತ್ತಿದ್ದೆಲ್ಲ ಹೋಗಿ ಸೇರುತ್ತಿದ್ದ ಅಸಲಿಯನ್ನು ಹುಡುಕಿದಳು. ಅದನ್ನು ಇದುವರೆಗೆ ಯಾರೂ ಕೇಳಿರಲೇ ಇಲ್ಲ. ಆರು ನಿವೇಶನ, ಆರು ಸಲ ‘ಬೇಡ’.

ಆರರಲ್ಲೂ ಮನೆಗಳು ಎದ್ದಿವೆ. ಮೊದಲ ಪಾಯ ತೋಡಿದ ದಿನದಿಂದ ಮಾವ ಅವಳ ಮನೆಯ ಫುಫು ಮುದ್ದೆ ಮುಟ್ಟಿರಲಿಲ್ಲ. ಹಲ್ಲುನೋವು ಅನ್ನುತ್ತಿದ್ದರು. ಅಗಿಯದೆ ನುಂಗುವ ಫುಫುಗೆ ಹಲ್ಲುನೋವು!

ತೋಪಿನ ಮಾರಾಟ ಪಕ್ಕಾ ಆಗಲು ಹನ್ನೆರಡು ನಿಮಿಷ ಉಳಿದಿತ್ತು. ಎಲ್ಲವನ್ನೂ ತಡೆಯುವ ಗುಂಡಿ ಅವಳ ಕೈಯಲ್ಲಿತ್ತು. ಒತ್ತಿದರೆ, ಯಾಕೆಂದು ಇಡೀ ಕುಲಕ್ಕೆ ಹೇಳಬೇಕು.

ಒತ್ತಿದಳು. ಮಾರಾಟ ನಿಂತಿತು. ಮನಸ್ಸು ತಡೆಯದೆ ಒಚ್ಯಾಮೆಯನ್ನು ಇನ್ನೊಮ್ಮೆ ಕೇಳಿದಳು. ಹೂಂ, ಅಂದಿತು.

“ಏನೇ ಅದು? ನಿನ್ನ ಮಾವ ಏನಂದ್ರು?”

“ಬೇಡ ಅಂದಿದ್ರು. ಒಂದಕ್ಕೂ ಒಪ್ಪಿರ್ಲಿಲ್ಲ.”

ಚಿಕ್ಕಮ್ಮ ಚೀಲವನ್ನು ಎದೆಗವಚಿಕೊಂಡಳು. “ಹಾಗಾದ್ರೆ ಇಷ್ಟು ದಿನ ಹೂಂ ಅಂತಿದ್ದಿದ್ದು ಯಾರೇ?”

“ನಾನು, ಚಿಕ್ಕಮ್ಮ.”