ಹನ್ನೆರಡನೇ ನಂಬರು

ಕುರ್ಚಿಗೇ ಅಂಟಿಕೊಂಡ ಈ ಪುಟ್ಟ ಹಲಗೆ ಮೊಣಕೈ ಊರಿದರೆ ಸಾಕು, ಕಿರ್ರೆನ್ನುತ್ತದೆ, ಪಕ್ಕದ ಹುಡುಗಿ ತಿರುಗಿ ನೋಡಿದಳು, ಇವಳಿಗೆ ಹದಿನೆಂಟು ತುಂಬಿದ್ದರೆ ಹೆಚ್ಚು, ತನಗೋ ಮೂವತ್ತಾರು, ನರ್ಸಿಂಗ್ ಕಾಲೇಜಿನ ಮೊದಲ ದಿನಕ್ಕೆ ನರೆಗೂದಲು ಬಾಚಿಕೊಂಡು ಬಂದವಳು ಇಡೀ ಕ್ಲಾಸಿಗೆ ತಾನೊಬ್ಬಳೇ, ಬೆಳಿಗ್ಗೆ ಮಗಳು ಬೇರೆ ನಕ್ಕಿದ್ದಳು, ಅಮ್ಮಾ, ಯಾರಾದ್ರೂ ಹೊಡೆದ್ರೆ ನನಗೆ ಹೇಳು — ನಗಲಿ, ಅವಳ ಆರನೇ ಕ್ಲಾಸಿನ ಪುಸ್ತಕದಿಂದಲೇ ಅಲ್ಲವೇ ತಾನು ಭಿನ್ನರಾಶಿ ಕಲಿತದ್ದು, ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುತ್ತ, ಅರ್ಧ, ಕಾಲು, ಎಂಟರಲ್ಲೊಂದು, ಒಂಬತ್ತು ವರ್ಷ ಮಡಿಸಿದ್ದಾಳೆ, ಬಸ್ ಓಡಿಸುವ ಗಂಡ ಒಂದು ಸಂಜೆ ಈ ಕಾಲೇಜಿನ ಅರ್ಜಿ ತಂದು ಮುಂದಿಟ್ಟ, ಮಡಿಸಿದ್ದು ಸಾಕು ಮಾರಾಯ್ತಿ, ಇದನ್ನ ಬಿಡಿಸು. ಬಿಡಿಸಿದಳು, ಆದರೆ ಕಚೇರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, ಸರ್ಟಿಫಿಕೇಟ್ ಎಲ್ಲಮ್ಮಾ, ಸುಟ್ಟುಹೋಯ್ತು ಸಾರ್, ಸುಟ್ಟುಹೋಯ್ತು ಅನ್ನೋದಕ್ಕೆ ಏನಾದ್ರೂ ಕಾಗದ ಇದೆಯಾ, ಶಾಲೆಯೇ ಸುಟ್ಟುಹೋಯ್ತು ಸಾರ್ — ಆತ ಕನ್ನಡಕ ತೆಗೆದು ಒರೆಸಿದ, ಎಷ್ಟೋ ಹೊತ್ತು ಒರೆಸಿದ, ಹಾಗಾದ್ರೆ ಎಲ್ಲಾ ಪರೀಕ್ಷೆನೂ ಮೊದಲಿಂದ ಬರೀಬೇಕಾಗುತ್ತೆ, ಬರೆದಳು, ಎರಡು ಸಲ ನಪಾಸು, ಮೂರನೇ ಸಲ ಮತ್ತೆ ಬರೆದಳು, ಬರೆಯುವುದೇನು ಮಹಾ, ನಿರಾಶ್ರಿತರ ಶಿಬಿರದಲ್ಲಿ ನೋಟ್‌ಬುಕ್ಕೂ ಇರಲಿಲ್ಲ, ಒಂದು ಡೇರೆಗೆ ಮೂರು ಕ್ಲಾಸು, ಔಷಧಿಯ ರಟ್ಟಿನ ಡಬ್ಬಿ ಬಿಚ್ಚಿ ಒಳಮೈಯಲ್ಲಿ ಬರೆದದ್ದು, ಹದಿನೈದಕ್ಕೆ ಸೋದರಮಾವ ಗಂಡು ನೋಡಿಕೊಂಡು ಬಂದ, ಹುಡುಗಿ ಓದಿ ಯಾವ ರಾಜ್ಯ ಆಳ್ಬೇಕು, ನೀರಿನ ಸಾಲಿನಲ್ಲಿ ನಿಂತಿದ್ದ ಅಮ್ಮ ಕೊಡ ಕೆಳಗಿಡದೆಯೇ ಹೇಳಿದಳು, ರಾಜ್ಯ ಆಳಿದೋರಿಂದಲೇ ನಾವಿಲ್ಲಿಗೆ ಬಂದದ್ದಣ್ಣ, ಇವಳು ಓದ್ಲಿ ಬಿಡು. ಆ ಅಮ್ಮ ಅಲ್ಲಿನ ಮಣ್ಣಿನಲ್ಲೇ ಉಳಿದಳು, ಈ ದೇಶದ ವಿಮಾನ ಹತ್ತುವುದಕ್ಕೆ ನಾಲ್ಕು ತಿಂಗಳ ಮುಂಚೆ, ಇವತ್ತು ಇದ್ದಿದ್ದರೆ ಬಾಗಿಲವರೆಗೆ ಬಂದು ಬಿಟ್ಟುಹೋಗುತ್ತಿದ್ದಳು.

ಮೇಡಂ ಬಂದರು, ಎಲ್ಲರೂ ಎದ್ದರು, ಕೂತರು, ಹಾಜರಿ ಪುಸ್ತಕ ತೆರೆದು ನಂಬರು ಕರೆಯತೊಡಗಿದರು, ಒಂದು, ಎರಡು, ತನ್ನದು ಮೂವತ್ತೊಂದು, ಇನ್ನೂ ದೂರವಿದೆ, ಹತ್ತು, ಹನ್ನೊಂದು, ಹನ್ನೆರಡು, ಯಾವನೋ ಹುಡುಗ ಹಾಜರ್ ಅಂದ, ಅಷ್ಟು ಸಲೀಸಾಗಿ ಅಂದುಬಿಟ್ಟ — ಅಲ್ಲಿ, ಊರಿನ ಶಾಲೆಯ ಗಾಜಿಲ್ಲದ ಕಿಟಕಿಯ ನಾಲ್ಕನೇ ಕ್ಲಾಸಿನಲ್ಲಿ, ತಾನು ಹನ್ನೊಂದು, ಒಂದೇ ಬೆಂಚಿನಲ್ಲಿ ಅಂಟಿ ಕೂರುವ ಗೆಳತಿ ಹನ್ನೆರಡು, ಹಿಂದಿನ ಸಂಜೆ ಅವಳ ಬೀದಿಯ ಮೇಲೆ ಫಿರಂಗಿಯ ಶೆಲ್ ಬಿದ್ದಿತ್ತು, ಬೆಂಚಿನ ಅರ್ಧ ತಣ್ಣಗಿತ್ತು, ಟೀಚರ್ ಕರೆದರು, ಹನ್ನೆರಡು, ಕಾದರು, ಮತ್ತೆ ಕರೆದರು, ಹನ್ನೆರಡು, ಮೊದಲ ಬೆಂಚಿನವಳೊಬ್ಬಳು ಬಿಕ್ಕಿದಳು, ಟೀಚರ್ ತಲೆ ಎತ್ತಲಿಲ್ಲ, ಬರ್ತಾಳೆ, ದಾರೀಲಿರ್ತಾಳೆ, ಅಂದರು, ಗೈರು ಹಾಕಲಿಲ್ಲ, ಮರುದಿನವೂ ಹಾಕಲಿಲ್ಲ, ಶಾಲೆ ಉರಿಯುವವರೆಗೂ ಹಾಕಲಿಲ್ಲ — ಆಂಟೀ, ಆಂಟೀ, ನಿಮ್ದೇ ನಂಬರು, ಪಕ್ಕದ ಹುಡುಗಿ ತಿವಿಯುತ್ತಿದ್ದಾಳೆ, ಮೂವತ್ತೊಂದು ಬಂದಿಲ್ವಾ ಎಂದು ಮೇಡಂ ಕೇಳುತ್ತಿದ್ದಾರೆ, ಎದ್ದಳು, ಹಲಗೆ ಕಿರ್ರೆಂದಿತು, ಹಾಜರ್ ಮೇಡಂ, ಬೇಕಾದ್ದಕ್ಕಿಂತ ಜೋರಾಗಿಯೇ, ಯಾರೋ ನಕ್ಕರು, ನಗಲಿ, ಮೇಡಂ ಗುರುತು ಹಾಕಿ ಮೂವತ್ತೆರಡು ಎಂದರು, ಮೂವತ್ಮೂರು ಎಂದರು, ಮುಂದೆ ಹೋದರು, ಅವಳು ಮಾತ್ರ ಕೂರುವುದನ್ನೂ ಮರೆತು ನಿಂತೇ ಇದ್ದಾಳೆ, ಇಪ್ಪತ್ತಾರು ವರ್ಷದಿಂದ ನೆನಪು ಪ್ರತಿ ಸಲ ಬಂದು ನಿಲ್ಲುವಲ್ಲಿಗೇ ಬಂದು, ಆ ಟೀಚರರ ಬೆರಳುಗಳ ನಡುವೆ ಕೆಂಪು ಪೆನ್ನು, ಕೆಳಗೆ ಹನ್ನೆರಡರ ಖಾಲಿ ಚೌಕ, ಪೆನ್ನು ಇಳಿಯುತ್ತಿಲ್ಲ, ಇಳಿಯುತ್ತಿಲ್ಲ