ಹಳೇ ಡಿಸ್ಕಿನ ಕಾವಲು

"ಅತ್ತಿಗೆ, ಹಳೇ ಡಿಸ್ಕ್ ಎಲ್ಲಿಟ್ರಿ?" ಮೈದುನ ಮತ್ತೆ ಕೇಳಿದ.

ಅತ್ತಿಗೆ ಕೇಳಿಸದವಳಂತೆ ಮೇಜು ಒರೆಸಿದಳು. ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಬಿಚ್ಚಿ, ಟಿಕ್‌ಟಿಕ್ ಎನ್ನುತ್ತಿದ್ದ ಹಾರ್ಡ್‌ಡಿಸ್ಕನ್ನು ಹೊರಗಿಟ್ಟು, ಹೊಸದು ತರಲು ಹೋದದ್ದೇ ತಡ, ಅವಳು ಹಳೆಯದನ್ನು ಕರವಸ್ತ್ರದಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಸೇರಿಸಿಬಿಟ್ಟಿದ್ದಳು. ಅದರೊಳಗೆ ಅವಳ ತೀರಿಹೋದ ಅಮ್ಮನ ಪದ್ಯವಾಚನವಿತ್ತು, ಬೇರೆಲ್ಲೂ ಇರಲಿಲ್ಲ. ಇದೇ ಮಹಾರಾಯ ಹಿಂದೊಮ್ಮೆ ಅವಳ ಫೋನ್ ಸರಿಮಾಡುತ್ತೇನೆಂದು ಕೂತು ಫೋಟೊಗಳನ್ನೆಲ್ಲ ಗುಡಿಸಿ ಹಾಕಿದ್ದ.

ಈಗ ಹೊಸದು ಹಟ ಹಿಡಿದಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ತೆರೆಯ ಮೇಲೆ ಕಾಣುತ್ತಿತ್ತು. ಕೈ ತೆಗೆದರೆ 'ಡಿಸ್ಕ್ ಇಲ್ಲ'.

"ಇದು ತೆಳ್ಳಗಿದೆ, ಗೂಡಲ್ಲಿ ಅಲ್ಲಾಡ್ತಿದೆ. ಹಳೇದರ ಸುತ್ತ ರಬ್ಬರ್ ಚೌಕಟ್ಟಿತ್ತಲ್ಲ, ಅದನ್ನ ಇದಕ್ಕೆ ತೊಡಿಸ್ಬೇಕು."

ಹಳೆಯದನ್ನು ಹೊರಗೆ ತರಿಸುವ ನೆಪವಲ್ಲದೆ ಇನ್ನೇನು?

"ಚೌಕಟ್ಟು ತಾನೆ? ಇರು." ಅಡುಗೆಮನೆಯ ಬಾಗಿಲು ಹಾಕಿಕೊಂಡು ರಬ್ಬರನ್ನಷ್ಟೇ ಸುಲಿದು ತಂದಳು.

"ಹಣ್ಣು ಒಳಗಿಟ್ಟು ಸಿಪ್ಪೆ ಕೊಟ್ರಲ್ಲ!"

ಸಿಪ್ಪೆಯೇ ಸಾಕಾಯಿತು. ಹೊಸದು ಬಿಗಿಯಾಗಿ ಕೂತಿತು. ಪೆನ್‌ಡ್ರೈವ್ ಚುಚ್ಚಿ, ಸಾಫ್ಟ್‌ವೇರ್ ಹಾಕಿ ಅದಕ್ಕೆ ಜೀವ ತುಂಬಿದ ಮೇಲೆ ಮೈದುನ ಮೆಲ್ಲಗೆ ಹೇಳಿದ: "ಹಳೇದು ಯಾವಾಗ ಕಣ್ಣು ಮುಚ್ಚುತ್ತೋ ಗೊತ್ತಿಲ್ಲ. ಅಮ್ಮನ ದನಿ ಬೇಕೋ ಬೇಡ್ವೋ?"

ಅವಳು ಅಡುಗೆಮನೆಗೆ ನಡೆದಳು. ಗಂಟು ತಂದು ಬಿಚ್ಚಿದಳು. ಅವನು ತಂತಿ ಜೋಡಿಸಿ ನಕಲು ಮಾಡುವಷ್ಟು ಹೊತ್ತೂ ಅವಳ ಕೈ ಡಿಸ್ಕಿನ ಪಕ್ಕದಿಂದ ಕದಲಲಿಲ್ಲ.

"ಅದೇನು ಓಡಿಹೋಗಲ್ಲ, ಅತ್ತಿಗೆ."

"ನೀನು ಓಡಿಸಬಹುದಲ್ಲ!"

"ಮುಗೀತು. ಕೇಳ್ತೀರಾ?"

"ಮೊದಲು ಹಳೇದರ ತಂತಿ ಕೀಳು. ಆಮೇಲೆ ಪದ್ಯ ಹಾಕು."

ಅವನು ನಗುತ್ತ ಕಿತ್ತ. ಅವಳು ಡಿಸ್ಕನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಲ್ಯಾಪ್‌ಟಾಪಿನಲ್ಲಿ ಅಮ್ಮ ಪದ್ಯ ಎತ್ತಿಕೊಂಡಳು. ದನಿ ಏರಿತು, ಎರಡನೇ ಸಾಲಿಗೆ ಕೆಮ್ಮು ಬಂತು, ಕೆಮ್ಮಿನ ನಡುವೆಯೇ, "ಬಾಗಿಲು ಹಾಕಮ್ಮ, ಗಾಳಿ."

ಅತ್ತಿಗೆ ಎದ್ದು ಹೋಗಿ ಬಾಗಿಲು ಹಾಕಿದಳು. ಚಿಲಕದ ಮೇಲೆ ಕೈ ಇದ್ದಾಗಲೇ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆದದ್ದು. ತಿರುಗಿ ನೋಡಿದರೆ ಹಳೇ ಡಿಸ್ಕ್ ಮೇಜಿನ ಮೇಲೆ, ಮೈದುನನ ಎದುರಿಗೇ ಬಿದ್ದಿತ್ತು.

ಅವನು ಅದನ್ನು ಮುಟ್ಟಿರಲಿಲ್ಲ.